ಮುಂದೆ ಹಗ್ಗ, ಹಿಂದೆ ಗಾಡಿ

ಮೇ ೨೬

ಚಿಕ್ಕವಳಿಗೆ,

ಬಿತ್ತನೆ ಮುಗಿಯಿತು. ಗೊಬ್ಬರವೂ ಮುಗಿಯಿತು. ಎರಡು ಎಕರೆಗೂ ಯೂರಿಯಾ ಎರಚಿ ಮನೆಗೆ ಬಂದು ಕೈ ತೊಳೆದಾಗ ಇನ್ನೂ ಬೆಳಗಿನ ಹತ್ತು ಗಂಟೆ. ನೀನಿದ್ದಾಗ ಇದೇ ಕೆಲಸಕ್ಕೆ ಬಿತ್ತುವಾಗ ಎರಡು ದಿನ, ಜೋಳ ಮೊಣಕಾಲು ಮುಟ್ಟಿದಾಗ ಮತ್ತೆ ಎರಡು ದಿನ ಆಗುತ್ತಿತ್ತು. ಗೊಬ್ಬರ ಮಣ್ಣಿಗಿಳಿಸುವ ಆ ತಳ್ಳುಗಾಡಿಗೆ ಹಗ್ಗ ಕಟ್ಟಿ ಮುಂದೆ ನಾನು ಎಳೆಯುವುದು, ಹಿಂದೆ ನೀನು ತಳ್ಳುವುದು, ಇಳಿಜಾರಿನಲ್ಲಿ ಸಾಲು ಸಾಲು ನಡೆದು ಸಾಯುವುದು. ಈಗ ನೋಡು, ಅರ್ಧ ಬೆಳಿಗ್ಗೆಯಲ್ಲಿ ಮುಗಿದ ಕೆಲಸ. ಜನವರಿಯಲ್ಲಿ ಇದನ್ನೇ ಹೇಳಿದ್ದಕ್ಕೆ ಅಲ್ಲವೇ ಅಷ್ಟು ದೊಡ್ಡ ಜಗಳ ಆಗಿ ನೀನು ಚೀಲ ಎತ್ತಿಕೊಂಡು ಹೋದದ್ದು. ಯಾರ ಮಾತು ಸರಿ ಅಂತ ತಿಳಿದಿರಲಿ ಎಂದು ಬರೆದೆ. ಬೇರೇನಿಲ್ಲ.

ವಿಳಾಸವನ್ನು ದರ್ಜಿಯವಳು ಕೊಟ್ಟಳು. ಅವಳಿಗೆ ವಿಳಾಸ ಕೊಟ್ಟು ಹೋಗಿದ್ದೀಯ, ನನಗಿಲ್ಲ. ಇರಲಿ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸವಂತೆ. ಫೋನು ಮಾಡಿದೆ ಒಂದು ಸಲ, ನೀನು ಎತ್ತಿದೆ, ನನಗೆ ಮಾತು ಬರುವ ಮೊದಲು ಸಿಟ್ಟು ಬಂತು, ಇಟ್ಟುಬಿಟ್ಟೆ. ಕಾಗದವಾದರೆ ಬರೆಯುತ್ತ ಬರೆಯುತ್ತ ಸ್ವಲ್ಪ ತಣ್ಣಗಾಗುತ್ತೇನೆ. ನಾಲ್ಕನೇ ತರಗತಿಗೆ ಬಿಟ್ಟವಳ ಅಕ್ಷರ, ಕಷ್ಟಪಟ್ಟು ಓದಿಕೋ.

ಇನ್ನೊಂದು ವಿಷಯ. ಪಕ್ಕದ ಹೊಲದ ನೇಗಿಲಿನವನು ನಮ್ಮ ಹೊಲ ಗುತ್ತಿಗೆಗೆ ಕೇಳುತ್ತಿದ್ದಾನೆ. ಕೊಯ್ಲಾದ ಮೇಲೆ ಹೂಂ ಅಥವಾ ಊಹೂಂ ಹೇಳಬೇಕಂತೆ. ಕೊಟ್ಟರೆ ಮಾರನೆಯ ದಿನವೇ ಟ್ರ್ಯಾಕ್ಟರ್ ಇಳಿಸಿ ಉಳುತ್ತಾನೆ. ನೀನು ಎಂಟು ವರ್ಷ ಉಳದೆ, ನೇಗಿಲಿನ ಒಂದು ಗೆರೆ ಎಳೆಯದೆ ಕಾಪಾಡಿದ ಮಣ್ಣು ಅದು. ನನಗೆ ಅರವತ್ತೆಂಟು. ಈ ವರ್ಷ ಒಬ್ಬಳೇ ಮಾಡಿ ನೋಡುತ್ತೇನೆ, ಆಗದಿದ್ದರೆ ಕೊಡುವುದೇ. ನೀನು ಬರುವವಳೋ ಅಲ್ಲವೋ, ಕೊಯ್ಲಿನೊಳಗೆ ಒಂದು ಮಾತು ಬರೆ.

ಅಕ್ಕ


ಜೂನ್ ೧೩

ಚಿಕ್ಕವಳಿಗೆ,

ಉತ್ತರ ಬರಲಿಲ್ಲ. ಬೇಡ ಬಿಡು.

ಎರಚಿದ ಮಾರನೆಯ ದಿನದಿಂದ ಹೊಲದಲ್ಲಿ ಮೂಗು ಇಡುವ ಹಾಗಿರಲಿಲ್ಲ. ಕೊಟ್ಟಿಗೆಯನ್ನು ನಾಲ್ಕು ದಿನ ತೊಳೆಯದೆ ಮುಚ್ಚಿಟ್ಟರೆ ಹೇಗೆ ಕಣ್ಣು ಉರಿಯುತ್ತದೋ ಹಾಗೆ. ಬೆಳಗಿನ ಇಬ್ಬನಿಗೆ ಯೂರಿಯಾದ ಕಾಳು ಕರಗಿ ಹೋದ ವರ್ಷದ ಒಣ ದಂಟಿನ ಮೇಲೆ ಬಿಳಿ ಕಲೆ ಆಗುತ್ತಿತ್ತು. ಬಿಸಿಲೇರಿದ ಹಾಗೆ ವಾಸನೆಯೂ ಏರುತ್ತಿತ್ತು. ಹತ್ತು ದಿನ ಒಂದು ಹನಿ ಬೀಳಲಿಲ್ಲ. ಆಮೇಲೆ ಬಿದ್ದದ್ದೂ ಧೂಳು ಅಡಗುವಷ್ಟು.

ಈಗ ಜೋಳಕ್ಕೆ ನಾಲ್ಕೈದು ಎಲೆ ಬಂದಿದೆ. ಬಣ್ಣ ಮಾತ್ರ ಕಾಮಾಲೆ ಆದವರ ಕಣ್ಣಿನ ಹಾಗೆ. ನೇಗಿಲಿನವನ ಹೊಲ ಬೇಲಿಯಾಚೆ ಕಡುಹಸಿರಾಗಿ ನಿಂತಿದೆ, ನನಗೆ ಕಾಣಲೆಂದೇ. ಅವನು ಬೇಲಿಯ ಮೇಲೆ ಮೊಣಕೈ ಊರಿ, "ಅಕ್ಕಾ, ಹಾಸಿಗೆ ಮಡಚದೆ ಬಿತ್ತಿದ್ದೀರಿ, ಜೋಳ ಇನ್ನೂ ಎದ್ದೇ ಇಲ್ಲ ನೋಡಿ" ಎಂದ. ದಂಟು ಹಾಗೇ ಹಾಸಿಕೊಂಡಿರುವ ಹೊಲ ಅಂದರೆ ಅವನಿಗೆ ಮೊದಲಿನಿಂದಲೂ ನಗೆ. ಅವನನ್ನೇ, ನಿನ್ನ ಹೊಲದ ಮಣ್ಣು ಪ್ರತಿ ಮಳೆಗೂ ರಸ್ತೆಯ ಚರಂಡಿಗೆ ಬಂದು ಮಲಗುತ್ತದಲ್ಲ, ಅದಕ್ಕೆ ಯಾವ ಹಾಸಿಗೆ ಹಾಸುತ್ತೀಯ ಅಂತ ಕೇಳಿ ಬಂದೆ. ಬಾಯಿಗೆ ಬಾಯಿ ಕೊಟ್ಟೆ ಅಷ್ಟೇ, ಜೋಳ ಹಳದಿಯಾಗಿಯೇ ಇದೆ.

ಗೊಬ್ಬರದಂಗಡಿಯವನು ಇನ್ನೆರಡು ಚೀಲ ಎರಚಿ ಅನ್ನುತ್ತಾನೆ. ಅವನಿಗೇನು, ಚೀಲ ಖಾಲಿ ಆಗಬೇಕು.

ನಿನ್ನನ್ನು ಕೇಳುತ್ತಿದ್ದೇನೆ ಅಂದುಕೊಳ್ಳಬೇಡ. ಹೊಲ ಹೇಗಿದೆ ಅಂತ ಬರೆದೆ. ಏನಾದರೂ ಹೇಳಬೇಕು ಅಂತ ನಿನಗೆ ಅನಿಸಿದರೆ ಬೇಗ ಹೇಳು. ಜೋಳ ಕಾಯುವುದಿಲ್ಲ.

ಅಕ್ಕ


ಜೂನ್ ೧೮

ಅಕ್ಕನಿಗೆ,

ನೀವು ಎರಚಿದ್ದು ದಂಟಿನ ಮೇಲೆ ಬಿದ್ದಿದೆ, ಮಣ್ಣು ಮುಟ್ಟಿಲ್ಲ. ಒಂದು ಭಾಗ ಗಾಳಿಗೆ ಹೋಯಿತು, ಕಣ್ಣು ಉರಿದದ್ದು ಅದಕ್ಕೇ. ಉಳಿದದ್ದರಲ್ಲಿ ಹೆಚ್ಚಿನದನ್ನು ದಂಟು ಹಿಡಿದುಕೊಂಡಿದೆ. ದಂಟು ಕೊಳೆಯಬೇಕಾದರೆ ಅದಕ್ಕೂ ಗೊಬ್ಬರ ಬೇಕು, ಗಿಡಕ್ಕಿಂತ ಮೊದಲು ಅದು ತಿನ್ನುತ್ತದೆ. ಉಳದ ಹೊಲದಲ್ಲಿ ಗೊಬ್ಬರವನ್ನು ಹೊದಿಕೆಯ ಕೆಳಗೆ, ಮಣ್ಣಿನೊಳಗೆ ಇಳಿಸಬೇಕು. ಮೇಲೆ ಚೀಲಗಟ್ಟಲೆ ಹಾಕಿದರೂ ಇದೇ ಕಥೆ.

ಇನ್ನೂ ಸಮಯ ಇದೆ. ಆರೇಳು ಎಲೆ ಬಂದ ಮೇಲೆಯೇ ಜೋಳದ ನಿಜವಾದ ಹಸಿವು ಶುರುವಾಗುವುದು. ಅಷ್ಟರಲ್ಲಿ ತಳ್ಳುಗಾಡಿ ಕೆಳಗಿಳಿಸಿ. ದಂಟು ಕತ್ತರಿಸುವ ಮುಂದಿನ ತಟ್ಟೆಯನ್ನು ಕಮ್ಮಾರನ ಹತ್ತಿರ ಹರಿತ ಮಾಡಿಸಿ, ಇಲ್ಲದಿದ್ದರೆ ದಂಟು ಕತ್ತರಿಸುವ ಬದಲು ಮಣ್ಣಿಗೆ ಮಡಚಿ ತುರುಕುತ್ತದೆ. ಗೊಬ್ಬರದ ಡಬ್ಬಿಯ ಕೆಳಗೆ ಅಳತೆಯ ಐದು ತೂತು ಇವೆ, ಮೂರನೆಯದಕ್ಕೆ ಇಡಿ. ಸಾಲಿನಿಂದ ಒಂದು ಗೇಣು ದೂರ, ಮೂರು ಬೆರಳು ಆಳ. ಹಿಂದೆಯೇ ಸೀಳನ್ನು ಕಾಲಿನಿಂದ ಒತ್ತಿ ಮುಚ್ಚಬೇಕು, ತೆರೆದು ಬಿಟ್ಟರೆ ಮತ್ತೆ ಗಾಳಿಗೇ. ಮಣ್ಣು ಅಂಟುವಷ್ಟು ಒದ್ದೆ ಇದ್ದಾಗ ಬೇಡ. ಎರಡು ಸಾಲಿನ ನಡುವೆ ಒಂದು ಗೆರೆಯಂತೆ, ಒಂದು ಸಂದು ಬಿಟ್ಟು ಒಂದು ಸಂದಿಗೆ ಹಾಕಿದರೆ ಸಾಕು, ಬೇರು ಅಲ್ಲಿಗೆ ಬರುತ್ತದೆ.

ಹೋದದ್ದನ್ನೆಲ್ಲ ಮತ್ತೆ ಸುರಿಯಬೇಡಿ. ಮೊದಲು ಎರಚಿದ್ದರ ಅರ್ಧ ಸಾಕು. ಒಂದು ಸಾಲಿಗೆ ಮಾತ್ರ ಎರಡರಷ್ಟು ಹಾಕಿ ಕೋಲು ನೆಡಿ. ಮೂರು ವಾರದ ಮೇಲೆ ಉಳಿದ ಸಾಲುಗಳು ಅದರಷ್ಟೇ ಹಸಿರಿದ್ದರೆ ಹಾಕಿದ್ದು ಸಾಲುತ್ತದೆ ಅಂತ ತಿಳಿಯಿರಿ.

ಒಬ್ಬರು ಎಳೆಯಬೇಕು, ಒಬ್ಬರು ತಳ್ಳಬೇಕು. ಒಬ್ಬರಿಂದ ಆಗುವುದಿಲ್ಲ.

ಚಿಕ್ಕವಳು


ಜೂನ್ ೨೮

ಚಿಕ್ಕವಳಿಗೆ,

ನಿನ್ನ ಕಾಗದ ಬಂತು. ನೀವು ಅಂತ ಬರೆದಿದ್ದೀಯ. ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರದಿಂದ ಇಪ್ಪತ್ತೆರಡು ವರ್ಷ ನೀನು ನೀನು ಅಂದವಳು. ಕಾಗದದ ಮೇಲೆ ದೊಡ್ಡವಳಾದೆ ನಾನು. ಆಗಲಿ.

ಹೇಳಿದ ಹಾಗೆ ಮಾಡಿದೆ. ಗಾಡಿಯನ್ನು ಅಟ್ಟದಿಂದ ಇಳಿಸುವಾಗ ಅದರ ಹಿಡಿಗೆ ನೀನು ಸುತ್ತಿದ್ದ ಹಳೇ ಬಟ್ಟೆ ಕೈಗೆ ಸಿಕ್ಕಿತು. ಅಂಗೈ ಒತ್ತಿ ಒತ್ತಿ ಎರಡು ಕಡೆ ಗುಳಿ ಬಿದ್ದು, ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಬದಲಾಯಿಸೋಣ ಅಂತ ಬಿಚ್ಚಲು ನೋಡಿದೆ, ಬಿಚ್ಚಲು ಬರಲಿಲ್ಲ. ಹಾಗೇ ಬಿಟ್ಟೆ. ಕಮ್ಮಾರ ತಟ್ಟೆ ಹರಿತ ಮಾಡಿಕೊಟ್ಟು ನೀನು ಎಲ್ಲಿ ಅಂತ ಕೇಳಿದ. ಕೆಲಸದ ಮೇಲೆ ಹೋಗಿದ್ದಾಳೆ ಅಂದೆ. ಸುಳ್ಳೇನಲ್ಲವಲ್ಲ.

ಹಗ್ಗ ಎಳೆಯಲು ಯಾರೂ ಸಿಗಲಿಲ್ಲ. ಕೊನೆಗೆ ನೇಗಿಲಿನವನನ್ನೇ ಕೇಳಿದೆ. ನಾಳೆ ತನ್ನ ಕೈಗೆ ಬರುವ ಹೊಲ ಅಂತ ಅವನ ಲೆಕ್ಕ, ಹಾಗಾಗಿ ಬಂದ. ನಾನು ಹಿಂದೆ ನಿಂತೆ. ನೀನು ನಿಲ್ಲುತ್ತಿದ್ದ ಜಾಗ.

ಒಂದು ವಿಷಯ ಹೇಳುತ್ತೇನೆ, ಓದಿ ಸುಮ್ಮನಿರು. ಮೊದಲ ನಾಲ್ಕು ವರ್ಷ ಹಗ್ಗ ಎಳೆದವರು ನಮ್ಮವರು. ಅವರು ಹೋದ ಮೇಲೆ ನಾಲ್ಕು ವರ್ಷ ನಾನು ಎಳೆದೆ. ಆ ನಾಲ್ಕು ವರ್ಷದಲ್ಲಿ ಒಂದು ದಿನವೂ ಹಿಂದೆ ತಿರುಗಿ ನೀನು ಏನು ಮಾಡುತ್ತೀ ಅಂತ ನೋಡಿದವಳಲ್ಲ. ಗಾಡಿ ತಳ್ಳುತ್ತಾಳೆ, ಗೊಬ್ಬರ ಉದುರುತ್ತದೆ, ಎರಚಿದರೂ ಅದೇ ಗೊಬ್ಬರ ತಾನೇ ಅಂತ ತಿಳಿದಿದ್ದೆ. ತಟ್ಟೆ ದಂಟು ಕತ್ತರಿಸುತ್ತದೆ, ಸೀಳು ಬೀಳುತ್ತದೆ, ಅದರೊಳಗೆ ಕಾಳು ಇಳಿಯುತ್ತದೆ, ಎಡಗಾಲಿನಿಂದ ಒತ್ತಿ ಮುಚ್ಚಿ ಬಲಗಾಲು ಮುಂದಿಡಬೇಕು ಅನ್ನುವುದೆಲ್ಲ ನನಗೆ ಮೊನ್ನೆ ತಿಳಿದದ್ದು. ಹೊಲದ ಯಜಮಾನಿ ನಾನು.

ಅವನು ಬೇಗ ಮುಗಿಸಿ ಹೋಗಬೇಕು ಅಂತ ದಾಪುಗಾಲು ಹಾಕಿ ಎಳೆದ. ಕಲ್ಲು ಸಿಕ್ಕಿ ಗಾಡಿ ತಡೆದಾಗ ಹಿಡಿ ತಿರುಗಿ ಬಂದು ನನ್ನ ಪಕ್ಕೆಗೆ ಗುದ್ದಿತು. ನಿಧಾನ ಎಳಿ ಅಂತ ಬೈದರೆ, "ನಾನೇನು ಎತ್ತಾ ಅಕ್ಕಾ" ಅಂದ. "ಎತ್ತಾಗಿದ್ರೆ ಹೇಳಿದ್ದು ಕೇಳ್ತಿತ್ತು" ಅಂದೆ. ನಕ್ಕ. ಆಮೇಲೂ ಹಾಗೇ ಎಳೆದ. ಸಂಜೆ ಪಕ್ಕೆ ನೋಡಿಕೊಂಡರೆ ನೇರಳೆ ಬಣ್ಣ.

ನಾನೂ ಹಾಗೇ ಎಳೆಯುತ್ತಿದ್ದೆ. ನನಗೆ ಗೊತ್ತು ನನ್ನ ನಡಿಗೆ. ನಾಲ್ಕು ವರ್ಷ ನಿನ್ನ ಪಕ್ಕೆಗೆ ಎಷ್ಟು ಸಲ ಗುದ್ದಿರಬೇಕು. ಒಂದು ಸಲವೂ ನಿಧಾನ ಅನ್ನಲಿಲ್ಲ ನೀನು. ಯಾಕೆ ಅನ್ನಲಿಲ್ಲ?

ಕೋಲು ನೆಟ್ಟಿದ್ದೇನೆ. ಬೇವಿನ ಕಡ್ಡಿ ಸಾಲದು ಅಂತ ನಮ್ಮವರ ಊರುಗೋಲನ್ನೇ ನೆಟ್ಟೆ. ಮೂಲೆಯಲ್ಲಿ ಸುಮ್ಮನೆ ನಿಂತಿತ್ತು.

ಅಕ್ಕ


ಜುಲೈ ೫

ಅಕ್ಕನಿಗೆ,

ನಿಧಾನ ಅಂದಿದ್ದರೆ ನೀವು ಹಗ್ಗ ಬಿಸಾಕಿ ಮನೆಗೆ ಹೋಗುತ್ತಿದ್ದಿರಿ. ನನಗೆ ಹೊಲ ಮುಗಿಯಬೇಕಿತ್ತು.

ಪಕ್ಕೆಗೆ ಬಿಸಿನೀರಿನ ಶಾಖ ಕೊಡಿ. ಎರಡು ದಿನ ನೀರು ಹೊರಬೇಡಿ.

ಹಾಕಿದ ಮೇಲೆ ಮಳೆ ಬಂತೇ, ಎಷ್ಟು ದಿನಕ್ಕೆ ಬಂತು, ಬರೆಯಿರಿ. ಮಣ್ಣಿನೊಳಗೆ ಇಳಿದಿರುವುದರಿಂದ ತಡವಾದರೂ ಹೆದರಬೇಕಾಗಿಲ್ಲ.

ಇಲ್ಲಿ ದಿನಕ್ಕೆ ರೋಗಿಗಳ ಮಂಚದ ಎಂಟುನೂರು ಹಾಸು ಬರುತ್ತವೆ. ಇಸ್ತ್ರಿಯ ಬಿಸಿ ಉರುಳೆಯ ಆ ಕಡೆಯಿಂದ ಒಬ್ಬಳು ಹಾಸು ತೂರಿಸುತ್ತಾಳೆ, ಈ ಕಡೆ ಹಿಡಿದು ಮಡಚುವುದು ನನ್ನ ಕೆಲಸ. ಆ ಕಡೆಯವಳ ಮುಖ ಹಬೆಯಲ್ಲಿ ಕಾಣುವುದಿಲ್ಲ. ಐದು ತಿಂಗಳಾಯಿತು, ಊಟದ ಹೊತ್ತಿನಲ್ಲಿ ನೋಡಿದರೂ ಅವಳೇ ಅಂತ ಗುರುತು ಸಿಗುವುದಿಲ್ಲ. ಕೈ ಮಾತ್ರ ಗೊತ್ತು.

ಚಿಕ್ಕವಳು


ಜುಲೈ ೨೦

ಚಿಕ್ಕವಳಿಗೆ,

ಗೊಬ್ಬರ ಹಾಕಿದ ನಾಲ್ಕನೆಯ ದಿನ ಮಳೆ ಬಂತು, ಒಳ್ಳೆಯ ಮಳೆ. ವಾಸನೆ ಇಲ್ಲ, ಏನಿಲ್ಲ. ಎಂಟು ದಿನದಲ್ಲಿ ಹೊಸ ಎಲೆ ಹಸಿರು ತಿರುಗಿತು. ನಿನ್ನೆ ಊರುಗೋಲಿನ ಸಾಲಿಗೂ ಉಳಿದ ಸಾಲಿಗೂ ಕಣ್ಣು ಕಿರಿದು ಮಾಡಿ ನೋಡಿದೆ, ಆ ಕಡೆಯಿಂದ ಈ ಕಡೆಯಿಂದ ನೋಡಿದೆ, ವ್ಯತ್ಯಾಸ ಸಿಗಲಿಲ್ಲ. ಹಾಕಿದ್ದು ಸಾಲುತ್ತದೆ. ಜೋಳ ನನ್ನ ತಲೆ ಮೀರಿದೆ. ಒಳಗೆ ಹೋದರೆ ನಾನು ಹೊರಗಿನವರಿಗೆ ಕಾಣುವುದಿಲ್ಲ.

ನೇಗಿಲಿನವನು ಬೇಲಿಯ ಹತ್ತಿರ ಬಂದು ಎಲೆ ಸವರಿ ನೋಡಿದ. ಹಾಸಿಗೆಯ ಮಾತು ಎತ್ತಲಿಲ್ಲ. ಅವನ ಹೊಲದ ಕೆಳಗಿನ ಮೂಲೆಯಲ್ಲಿ ಮಳೆಗೆ ಮೂರು ಸಾಲು ಕೊಚ್ಚಿಹೋಗಿವೆ. ನಾನೂ ಆ ಮಾತು ಎತ್ತಲಿಲ್ಲ. ನನಗೆ ವಯಸ್ಸಾಯಿತು ಅಂತ ಕಾಣುತ್ತದೆ.

ಹಾಗಾಗಿ ಇನ್ನು ನಿನ್ನನ್ನು ಕೇಳುವುದೇನೂ ಇಲ್ಲ. ಮುಂದಿನ ವರ್ಷ ಬಿತ್ತುವಾಗ ಬೀಜದ ಪಕ್ಕ ಎರಡು ಬೆರಳು ಬಿಟ್ಟು ಸ್ವಲ್ಪ, ಬೀಜಕ್ಕೆ ತಾಗದ ಹಾಗೆ, ಉಳಿದದ್ದು ಮೊಣಕಾಲು ಮಟ್ಟದಲ್ಲಿ. ಅಷ್ಟೇ ತಾನೇ. ಎಲ್ಲ ತಲೆಯಲ್ಲಿದೆ.

ಬೇರೆ ಸುದ್ದಿ ಅಂತ ಇಲ್ಲ. ಹೊಲಕ್ಕೆ ಹೋಗುವಾಗ ಈಗ ಬೀಗ ಹಾಕಿಕೊಂಡು ಹೋಗಬೇಕು. ಮದುವೆಯಾಗಿ ಬಂದ ಮೇಲೆ ನಾನು ಬೀಗದ ಕೈ ಹಿಡಿದವಳಲ್ಲ, ಒಳಗೆ ಯಾರಾದರೂ ಇದ್ದೇ ಇರುತ್ತಿದ್ದರು. ಮೊದಮೊದಲು ಬೀಗದ ಕೈ ಹೊಲದಲ್ಲೇ ಬಿಟ್ಟು ಬಂದು, ಬಾಗಿಲ ಮುಂದೆ ನಿಂತು ನಿನ್ನನ್ನು ಕೂಗಿದ್ದೂ ಇದೆ. ಕೂಗಿದ ಮೇಲೆ ನೆನಪಾಗುವುದು. ಎದುರುಮನೆಯವಳು ಕಿಟಕಿಯಿಂದ ನೋಡಿದಳು. ಬೆಕ್ಕನ್ನು ಕರೆದೆ ಅಂದೆ. ನಿಮ್ಮಲ್ಲಿ ಬೆಕ್ಕು ಎಲ್ಲಿದೆ ಅಂದಳು. ಅದಕ್ಕೇ ಕರೀತಿದ್ದೀನಿ ಅಂದೆ.

ಅಕ್ಕ


ಆಗಸ್ಟ್ ೭

ಚಿಕ್ಕವಳಿಗೆ,

ಎರಡೂವರೆ ವಾರ ಆಯಿತು, ನಿನ್ನ ಕಾಗದ ಇಲ್ಲ. ಅಂಚೆಯವನನ್ನು ಕೇಳಿದರೆ, ಬಂದರೆ ನಾನೇನು ತಿನ್ನುತ್ತೇನಾ ಅನ್ನುತ್ತಾನೆ.

ಜೋಳಕ್ಕೆ ಮತ್ತೆ ಏನೋ ಆಗಿದೆ. ತೆನೆ ಕಟ್ಟುವ ಹೊತ್ತು, ಮೇಲೆ ಗರಿ ಬಿಚ್ಚಿದೆ. ನಾಲ್ಕು ದಿನದ ಹಿಂದೆ ಚೆನ್ನಾಗಿಯೇ ಇತ್ತು. ಈಗ ತುದಿಯ ಎಳೆ ಎಲೆಗಳೆಲ್ಲ ಅಂಚಿನಲ್ಲಿ ಹಳದಿ. ಇಡೀ ಹೊಲ ಒಂದೇ ಸಲ. ಗೊಬ್ಬರ ಮತ್ತೆ ಕಡಿಮೆ ಬಿದ್ದಿರಬೇಕು. ಏನು ಮಾಡಲಿ ವಿವರವಾಗಿ ಬರೆ. ಮೊದಲಿನ ಹಾಗೆ ನಾಲ್ಕು ಸಾಲಿನಲ್ಲಿ ಮುಗಿಸಬೇಡ. ಎಷ್ಟು, ಯಾವಾಗ, ಯಾವ ಸಾಲಿಗೆ, ಎಲ್ಲ ಬರೆ. ನನಗೆ ತಿಳಿಯುವುದಿಲ್ಲ.

ಅಕ್ಕ


ಆಗಸ್ಟ್ ೧೩

ಅಕ್ಕ,

ಗೊಬ್ಬರ ಸಾಲದೆ ಹಸಿದ ಜೋಳ ಮೊದಲು ಬುಡದ ಹಳೇ ಎಲೆಯಿಂದ ತೆಗೆದು ಮೇಲಿನ ಎಲೆಗೆ ಕೊಡುತ್ತದೆ. ಹಳದಿ ಶುರುವಾಗುವುದು ಬುಡದ ಎಲೆಯಲ್ಲಿ. ಅಲ್ಲೂ ಅಂಚಿನಿಂದಲ್ಲ, ಎಲೆಯ ತುದಿಯಿಂದ ನಡುನರದ ಗುಂಟ ಒಳಗೆ ಹೋಗುತ್ತದೆ. ನೀನು ಬರೆದಿರುವುದು ತುದಿಯ ಎಳೆ ಎಲೆ, ಅದೂ ಅಂಚು, ಅದೂ ಇಡೀ ಹೊಲಕ್ಕೆ ನಾಲ್ಕು ದಿನದಲ್ಲಿ. ಹಾಗೆ ಯಾವ ಜೋಳವೂ ಹಸಿಯುವುದಿಲ್ಲ. ನಿನ್ನ ಮನಸ್ಸಿಗೆ ತೋಚಿದ ಕಡೆ ಹಳದಿ ಬಳಿದಿದ್ದೀಯ.

ಏನೂ ಹಾಕಬೇಡ. ಹೊಲ ಚೆನ್ನಾಗಿದೆ.

ನಿನಗೆ ಏನಾಗಿದೆ ಅದನ್ನು ಬರೆ.

ಚಿಕ್ಕವಳು


ಆಗಸ್ಟ್ ೨೪

ಚಿಕ್ಕವಳಿಗೆ,

ಹೌದು, ಸುಳ್ಳು ಬರೆದೆ. ಎಲೆಯೆಲ್ಲ ಕಡುಹಸಿರಾಗಿದೆ, ಒಂದೊಂದು ತೆನೆಯೂ ಗೇಣುದ್ದ. ಸುಳ್ಳು ಬರೆಯುವುದಕ್ಕೂ ಬುಡ ಯಾವುದು ತುದಿ ಯಾವುದು ಗೊತ್ತಿರಬೇಕು ಅಂತ ಈಗ ತಿಳಿಯಿತು.

ಏನಾಗಿದೆ ಅಂತ ಕೇಳಿದ್ದೀಯ. ಒಂದು ವಾರ ಯೋಚನೆ ಮಾಡಿದೆ. ಏನೂ ಆಗಿಲ್ಲ. ಮೈಯಲ್ಲಿ ರೋಗ ಇಲ್ಲ. ಜೋಳ ಚೆನ್ನಾದ ಮೇಲೆ ನಿನಗೆ ಬರೆಯಲು ವಿಷಯ ಮುಗಿಯಿತು, ನಿನ್ನಿಂದ ಕಾಗದ ಬರುವುದೂ ನಿಂತಿತು. ಜೋಳ ಹಳದಿ ಇದ್ದಾಗ ಐದನೇ ದಿನಕ್ಕೆ ಉತ್ತರ ಬರೆದಿದ್ದೆ ನೀನು. ಅಷ್ಟೇ ಲೆಕ್ಕ. ಇದನ್ನು ಓದಿ ನಗಬೇಡ. ನಕ್ಕರೂ ನನಗೆ ಕಾಣುವುದಿಲ್ಲ, ನಗು ಬೇಕಾದರೆ.

ಜನವರಿಯ ಮಾತಿಗೆ ಬರುತ್ತೇನೆ. ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ, ಇಬ್ಬರೂ ಆ ಗುಂಡಿಯನ್ನು ಸುತ್ತಿಕೊಂಡು ನಡೆಯುತ್ತಿದ್ದೇವೆ. ನೀನು ಗೊಬ್ಬರ ಎರಡು ಸಲ ಹಾಕಲೇಬೇಕು ಅಂದೆ. ನಾನು ಒಂದೇ ಸಲ ಎರಚಿದರೆ ಸಾಕು ಅಂದೆ. ನೀನು ಬಿಡಲಿಲ್ಲ. ಆಗ ನಾನು ಹೇಳಿದ್ದು ಇದು: "ಹೊಲ ಯಾರ ಹೆಸರಲ್ಲಿದೆ ಅಂತ ನೆನಪಿಟ್ಕೊಂಡು ಮಾತಾಡು. ಇಲ್ಲಿ ಉಂಡ್ಕೊಂಡು ಬಿದ್ದಿರೋಳಿಗೆ ಇಷ್ಟು ಬಾಯಿ ಬೇಡ."

ಬರೆದು ನೋಡಿದರೆ ಎರಡು ಸಾಲೂ ಇಲ್ಲ.

ನನ್ನ ಮೈದುನ, ನಿನ್ನ ಗಂಡ, ಲಾರಿ ಹತ್ತಿ ಹೋದವನು ತಿರುಗಿ ಬರಲಿಲ್ಲ. ನಿನಗೆ ಆಗ ಮೂವತ್ತೆರಡು. ನಿನ್ನ ತವರಿನವರು ಕರೆಯಲು ಬಂದಾಗ ನೀನು ಹೋಗಲಿಲ್ಲ, ಬಿತ್ತನೆ ಇದೆ ಅಂದೆ. ಹದಿನೆಂಟು ವರ್ಷದಿಂದ ಪ್ರತಿ ವರ್ಷ ಬಿತ್ತನೆ ಇತ್ತು. ನಮ್ಮವರು ಮಲಗಿದ್ದಾಗ ಅವರನ್ನು ಎತ್ತಿ ಕೂರಿಸಿದವಳು ನೀನು, ನನ್ನ ಸೊಂಟ ಆಗ ಹಿಡಿದುಕೊಂಡಿತ್ತು. ಅಂಥವಳಿಗೆ ಉಂಡುಕೊಂಡು ಬಿದ್ದವಳು ಅಂದೆ. ನನ್ನ ಬಾಯಿ ಹಾಗಿದೆ ಅಂತ ಎಲ್ಲರೂ ಮಾಫಿ ಮಾಡಿಬಿಡುತ್ತಾರೆ. ನೀನೂ ಮಾಡುತ್ತ ಬಂದೆ. ಆವತ್ತು ಮಾಡಲಿಲ್ಲ. ಸರಿಯಾಗಿ ಮಾಡಿದೆ.

ತಪ್ಪಾಯಿತು ಅಂತ ಬರೆಯಬೇಕು ಅಂತ ಕೂತೆ. ಆ ಮಾತು ನನ್ನ ಕೈಯಿಂದ ಇಳಿಯುವುದಿಲ್ಲ, ಅಭ್ಯಾಸ ಇಲ್ಲ. ಬರೆದೆ ನೋಡು ಈಗ, ಈ ಸಾಲಿನ ಮೇಲಿನ ಸಾಲಿನಲ್ಲಿ ಇದೆ. ಓದಿಕೋ.

ನೇಗಿಲಿನವನು ಕಾಗದ ಬರೆಸಿಕೊಂಡೇ ಬಂದಿದ್ದ. ಒಂದು ಸಹಿ ಹಾಕಿಬಿಡಿ ಅಕ್ಕಾ, ಕೊಯ್ಲಾದ ಮೇಲೆ ಓಡಾಟ ತಪ್ಪುತ್ತದೆ ಅಂದ. ಎರಡು ಸಹಿ ಬೇಕು ಅಂದೆ. ಹೊಲ ನಿಮ್ಮೊಬ್ಬರ ಹೆಸರಲ್ಲೇ ಇದೆಯಲ್ಲ, ಇದು ಯಾವ ಕಾನೂನು ಅಂತ ಕೇಳಿದ. "ನನ್ನ ಕಾನೂನು" ಅಂದೆ. ಕಾಗದ ಮಡಚಿಕೊಂಡು ಹೋಗಿದ್ದಾನೆ. ಕೊಯ್ಲಾಗುವವರೆಗೆ ಕಾಯುತ್ತಾನಂತೆ.

ನಿನ್ನ ಸಹಿ ಇಲ್ಲದೆ ಕೊಡುವುದಿಲ್ಲ. ನೀನು ಬರುವುದಿಲ್ಲ ಅಂದರೆ ನಾನೊಬ್ಬಳೇ ಆ ಗಾಡಿಯನ್ನು ಎಳೆದು ತಳ್ಳಲು ಆಗುವುದಿಲ್ಲ. ನನ್ನ ಮಾತು ಇಷ್ಟೇ. ಇನ್ನು ನೀನು ಹೇಳು.

ಅಕ್ಕ


ಸೆಪ್ಟೆಂಬರ್ ೨೬

ಅಕ್ಕ,

ತಡವಾಯಿತು. ಈ ಕಾಗದ ಮೂರು ಸಲ ಬರೆದೆ. ಕೊಯ್ಲು ಮುಗಿದಿರಬೇಕು.

ನಾನು ಅಲ್ಲಿಗೆ ಇರಲು ಬರುವುದಿಲ್ಲ.

ಸಿಟ್ಟಿನಿಂದ ಬರೆಯುತ್ತಿಲ್ಲ. ಸಿಟ್ಟು ನಿನ್ನ ಕಾಗದ ಓದಿದ ದಿನವೇ ಹೋಯಿತು. ಆದರೆ ಬಂದು ಇದ್ದರೆ, ಆ ಮಾತು ಇನ್ನೊಂದು ದಿನ ಬರುತ್ತದೆ ಅಂತ ನಾನು ಕಾಯುತ್ತ ಇರುತ್ತೇನೆ. ನೀನು ಇನ್ನು ಆಡುವುದಿಲ್ಲ ಅಂತ ನನಗೆ ಗೊತ್ತು. ಆದರೂ ಕಾಯುತ್ತೇನೆ. ತಟ್ಟೆ ತೊಳೆಯುವಾಗ, ಬಾಗಿಲು ಹಾಕುವಾಗ, ಎರಡನೇ ಸಲ ಬಡಿಸಿಕೊಳ್ಳುವಾಗ. ಅದು ನಿನ್ನ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ.

ಇಲ್ಲಿ ಒಂದು ಮಂಚ ಇದೆ, ಹದಿನೇಳನೇ ನಂಬರು. ಕೋಣೆಯಲ್ಲಿ ನಾಲ್ವರು ಇದ್ದೇವೆ, ಪಾಳಿ ಬೇರೆ ಬೇರೆ, ಹಾಗಾಗಿ ನಾನು ಬಂದಾಗ ಮಿಕ್ಕವರು ಮಲಗಿರುತ್ತಾರೆ, ಅವರು ಎದ್ದಾಗ ನಾನು ಮಲಗಿರುತ್ತೇನೆ. ಕಿಟಕಿ ತೆರೆದರೆ ಕೈಗೆ ಎಟುಕುವಷ್ಟು ಹತ್ತಿರ ಇನ್ನೊಂದು ಗೋಡೆ. ಚೆನ್ನಾಗಿದೆ ಅಂತ ಹೇಳುವುದಿಲ್ಲ. ಆ ಮಂಚದಿಂದ ನನ್ನನ್ನು ಯಾರೂ ಏಳು ಅನ್ನುವುದಿಲ್ಲ, ಅಷ್ಟೇ.

ಗುತ್ತಿಗೆಗೆ ಕೊಡುವುದಾದರೆ ಕೊಡು. ನನಗೋಸ್ಕರ ಇಟ್ಟುಕೊಂಡು ಪಕ್ಕೆ ಮುರಿದುಕೊಳ್ಳಬೇಡ. ಸಹಿ ಬೇಕಾದರೆ ಕಾಗದ ಕಳಿಸು, ಹಾಕಿ ಕಳಿಸುತ್ತೇನೆ. ಹಾಕು ಅಂತ ಕೇಳಿದವಳು ನೀನೊಬ್ಬಳೇ.

ಇಟ್ಟುಕೊಳ್ಳುವುದಾದರೆ ಒಂದು ದಾರಿ ಇದೆ. ನನಗೆ ವರ್ಷಕ್ಕೆ ಹನ್ನೆರಡು ದಿನ ರಜೆ. ಬಿತ್ತನೆಗೆ ಆರು ದಿನ, ಜೋಳ ಮೊಣಕಾಲು ಮುಟ್ಟಿದಾಗ ಆರು ದಿನ. ಎರಡು ಸಲವೂ ಗಾಡಿ ನಾನು ತಳ್ಳುತ್ತೇನೆ. ಹಗ್ಗ ನೀನು ನಿಧಾನ ಎಳೆಯಬೇಕು. ಆರನೆಯ ದಿನ ನಾನು ಹೊರಡುತ್ತೇನೆ. ಇರು ಅನ್ನಬಾರದು.

ದಂಟು ಕಡಿದು ಹಾಗೇ ಹಾಸಿಬಿಡು, ಸುಡಲು ಯಾರಿಗೂ ಕೊಡಬೇಡ.

ಚಿಕ್ಕವಳು


ಅಕ್ಟೋಬರ್ ೯

ಚಿಕ್ಕವಳಿಗೆ,

ಕಾಗದ ಬಂತು. ಬರುವುದಿಲ್ಲ ಅನ್ನುವ ಸಾಲಿನವರೆಗೆ ಓದಿ, ಮಡಚಿ, ಬಾವಿಯ ಕಟ್ಟೆಯ ಮೇಲೆ ಇಟ್ಟು, ಬಟ್ಟೆ ಒಗೆದೆ. ಒಗೆದದ್ದನ್ನೇ ಮತ್ತೆ ಒಗೆದೆ. ಆಮೇಲೆ ಉಳಿದದ್ದು ಓದಿದೆ.

ಕೊಯ್ಲು ಚೆನ್ನಾಗಿ ಆಯಿತು. ಹೋದ ವರ್ಷದಷ್ಟಿಲ್ಲ, ನಾನು ಗಾಳಿಗೆ ಕೊಟ್ಟದ್ದು ಗಾಳಿಗೇ ಹೋಯಿತು. ಆದರೂ ನೇಗಿಲಿನವನಿಗಿಂತ ಕಡಿಮೆ ಇಲ್ಲ. ದಂಟು ಕಡಿದು ಇಳಿಜಾರಿಗೆ ಅಡ್ಡಲಾಗಿ ಹಾಸಿದ್ದೇನೆ. ಇಟ್ಟಿಗೆಗೂಡಿನವನು ಉರಿಸಲು ಕೇಳಿಕೊಂಡು ಬಂದಿದ್ದ, ಅವನಿಗೆ ಸಿಕ್ಕಿದ್ದು ನನ್ನ ಬಾಯಿ.

ನೇಗಿಲಿನವನಿಗೆ ಊಹೂಂ ಅಂದೆ. ಸಪ್ಪಗಾದ. ಆಮೇಲೆ ಹೋಗುತ್ತ ಹೋಗುತ್ತ ನಿಂತು, ಆ ಗಾಡಿಯನ್ನು ಎರಡು ದಿನ ಕೊಡುತ್ತೀರಾ, ಕೆಳಗಿನ ಮೂಲೆಯಲ್ಲಿ ಉಳದೆ ಒಂದು ಪಟ್ಟೆ ಹಾಕಿ ನೋಡುತ್ತೇನೆ ಅಂದ. ಗಾಡಿಯ ಒಡತಿಯನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಕೊಡಲೋ ಬೇಡವೋ ಬರೆ. ಇದು ನಿಜವಾಗಿ ಕೇಳುತ್ತಿರುವುದು, ಹಳದಿ ಎಲೆ ಅಲ್ಲ.

ನಿನ್ನ ಹನ್ನೆರಡು ದಿನಕ್ಕೆ ನಾನು ಒಪ್ಪಿದೆ. ಯೂರಿಯಾ ಕೊಟ್ಟ ಹಾಗೆ ನಿನ್ನನ್ನೂ ಎರಡು ಸಲಕ್ಕೆ ಹಂಚಿ ಕೊಡುತ್ತಿದ್ದೀಯ. ಒಂದೇ ಸಲ ಎಲ್ಲ ಬೇಕು ಅಂದವಳ ಗತಿ ಏನಾಯಿತು ಅಂತ ನೋಡಿದ್ದೇನೆ, ಹಾಗಾಗಿ ಚೌಕಾಸಿ ಮಾಡುವುದಿಲ್ಲ. ನಿಧಾನ ಎಳೆಯುತ್ತೇನೆ. ಇರು ಅನ್ನುವುದಿಲ್ಲ. ಬಾಯಿ ತುದಿಗೆ ಬಂದರೂ ನುಂಗುತ್ತೇನೆ, ಬರುವ ವರ್ಷದ ಅರವತ್ತೊಂಬತ್ತಕ್ಕೆ ಅದನ್ನಾದರೂ ಕಲಿಯುತ್ತೇನೆ.

ಒಂದೇ ಒಂದು ಕೇಳುತ್ತೇನೆ. ಎರಡು ಸಲವೂ ಹೊರಡುವಾಗ ಬೆಳಗಿನ ಬಸ್ಸಿಗೆ ಹೊರಡು. ಸಂಜೆಯದಕ್ಕೆ ಬೇಡ. ಬೆಳಿಗ್ಗೆಯಾದರೆ ನಿನ್ನನ್ನು ಹತ್ತಿಸಿ ನಾನು ಅಲ್ಲಿಂದಲೇ ಹೊಲಕ್ಕೆ ಹೋಗಬಹುದು.

ಅಕ್ಕ